ಮೂವತ್ತೇಳನೇ ಮನೆ

"ಈ ಹಸಿರು ಬಟನ್ ಒತ್ತಿ ಅಂತ ಬರೆದ ಮಹಾನುಭಾವರು ಯಾರು?"

ಲೈಬ್ರರಿಯಲ್ಲಿ ಓದುತ್ತಾ ಕೂತಿದ್ದವರ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಬಾಗಿಲಲ್ಲಿ ನಿಂತಿದ್ದವನ ಕಂಕುಳಲ್ಲಿ ಒಂದು ಕಂಪ್ಯೂಟರ್ ಡಬ್ಬ, ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ. ಅಂಗಿಯ ತೋಳಿನ ತುಂಬ ಮರದ ಹೊಟ್ಟು. ಕಣ್ಣುಗಳಂತೂ ಕೆಂಡ!

ಮೂಲೆಯ ಮೇಜಿನ ಹಿಂದೆ ಕೂತಿದ್ದ ನಮ್ಮ ಚೂಟಿ ಕುರ್ಚಿಯಲ್ಲೇ ಕುಗ್ಗಿದಳು.

ಚೂಟಿ ಎಂದು ಕರೆಯುತ್ತಿದ್ದದ್ದು ಅವಳನ್ನು ಸಾಕಿದ ಚಿಕ್ಕಮ್ಮ. ಲೈಬ್ರರಿಗೆ ಬರುವವರ ಪಾಲಿಗೆ ಅವಳು 'ಕಂಪ್ಯೂಟರ್ ಮೇಡಂ'. ಕಂಪ್ಯೂಟರಿನಲ್ಲಿ ಏನೇ ತೊಡಕಾದರೂ ಜನ ಅವಳ ಮೇಜಿಗೆ ಬರಬಹುದಿತ್ತು. ಪತ್ರ ಬರೆಯಲು, ಫೋಟೋ ಚೊಕ್ಕ ಮಾಡಲು, ಅಕ್ಷರ ದೊಡ್ಡದು ಮಾಡಿಕೊಳ್ಳಲು ಯಾವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಯಾವುದು ನಂಬಿಕಸ್ಥ, ಹೇಗೆ ಬಳಸಬೇಕು... ಇದನ್ನೆಲ್ಲ ಬೇಸರವಿಲ್ಲದೆ ಹೇಳಿಕೊಡುವುದೇ ಅವಳ ಕೆಲಸ. ಹಾಗೆ ಆಯ್ದ ಹನ್ನೆರಡು ತಂತ್ರಾಂಶಗಳ ಪಟ್ಟಿಯೊಂದನ್ನು ಮಾಡಿ, ಅಚ್ಚು ಹಾಕಿಸಿ ಹಂಚಿದ್ದಳು.

ಅವನ ಕೈಯಲ್ಲಿದ್ದದ್ದು ಅದೇ ಪಟ್ಟಿ!

ಅವನು ಡಬ್ಬವನ್ನು ಅವಳ ಮೇಜಿನ ಮೇಲಿಟ್ಟ. ಸಿಟ್ಟಿನಲ್ಲಿದ್ದರೂ ಮೆಲ್ಲಗೆ, ಎರಡೂ ಕೈಯಲ್ಲಿ ಹಿಡಿದು ಇಟ್ಟ.

"ಒಂಬತ್ತನೇದು ನೋಡಿ. 'ದನಿಯ ಹಿಂದಿನ ಗದ್ದಲ ತೆಗೆಯುವ ತಂತ್ರಾಂಶ. ಪುಟ ತೆರೆದ ಕೂಡಲೇ ಕಾಣುವ ದೊಡ್ಡ ಹಸಿರು ಬಟನ್ ಒತ್ತಿ.' ನಮ್ಮಪ್ಪ ಒತ್ತಿದ್ರು. ಈಗ ಇದು ಆನ್ ಮಾಡಿದ್ರೆ ಬರೀ ಜಾಹೀರಾತು. ಎರಡು ನಿಮಿಷಕ್ಕೆ ತೆರೆಯೆಲ್ಲ ಕಪ್ಪು! ಇದನ್ನ ಬರೆದೋರು ಯಾರು?"

"ಗೊತ್ತಿಲ್ಲ..." ಚೂಟಿಯ ನಾಲಿಗೆ ಅವಳನ್ನು ಕೇಳದೆಯೇ ಹೊರಳಿಬಿಟ್ಟಿತು. "ನನಗಿಂತ ಮೊದಲಿದ್ದವರು ಇರಬೇಕು."

ಮೊದಲಿದ್ದವರು! ಆ ಮೇಜಿನ ಮೇಲೆ ಅವಳಿಗಿಂತ ಮೊದಲು ಇದ್ದದ್ದು ಒಂದು ಹೂದಾನಿ ಮಾತ್ರ.

ಅವನು ಕುರ್ಚಿಯಲ್ಲಿ ಕುಸಿದು ಕೂತ. ಸಿಟ್ಟು ಇಳಿದ ಜಾಗದಲ್ಲಿ ಬೇರೇನೋ ಕಾಣಿಸಿತು. ಅದು ಭಯ.

"ಬೈದದ್ದಕ್ಕೆ ಕ್ಷಮಿಸಿ. ಅಪ್ಪನಿಗೆ ಗಂಟಲಿನ ಆಪರೇಷನ್ ಇದೆ ಮೇಡಂ. ಇನ್ನು ಇಪ್ಪತ್ತೆರಡು ದಿನ. ಆಮೇಲೆ ಅವರಿಗೆ ಮಾತು ಬರಲ್ಲ." ಅವನು ಡಬ್ಬದ ಮೇಲೆ ಕೈಯಿಟ್ಟ. "ಆಸ್ಪತ್ರೇಲಿ ಒಂದು ತಂತ್ರಾಂಶ ಹೇಳಿದ್ರು. ಅದು ಕೊಡೋ ಮುನ್ನೂರು ವಾಕ್ಯ ಓದಿ ರೆಕಾರ್ಡ್ ಮಾಡಿದ್ರೆ, ಆಮೇಲೆ ಏನು ಟೈಪ್ ಮಾಡಿದ್ರೂ ಅವರದೇ ದನೀಲಿ ಮಾತಾಡುತ್ತಂತೆ. ಅರವತ್ನಾಲ್ಕು ಆಗಿತ್ತು. ದನಿ ಚೆನ್ನಾಗಿದ್ದಾಗ ಮಾಡಿದ್ದು. ದಿನದಿಂದ ದಿನಕ್ಕೆ ಗಂಟಲು ಕಟ್ಟುತ್ತಿದೆ, ಮತ್ತೆ ಆ ದನಿ ಬರಲ್ಲ... ಎಲ್ಲ ಇದರೊಳಗಿದೆ."

ಚೂಟಿ ಡಬ್ಬವನ್ನು ತನ್ನತ್ತ ಎಳೆದುಕೊಂಡಳು. 'ಅಯ್ಯೋ ದೇವರೇ... ನಾನು ಏನು ಮಾಡಿಬಿಟ್ಟೆ?'

"ನೀವು ಹೋಗಿ ಒಂದು ಟೀ ಕುಡಿದು ಬನ್ನಿ," ಎಂದಳು. "ನಾನು ನೋಡ್ತೀನಿ."

ಅವನು ಅತ್ತ ಹೋದದ್ದೇ ತಡ, ಅವಳು ತನ್ನ ಕಂಪ್ಯೂಟರಿನಲ್ಲಿ ಆ ಪುಟವನ್ನು ತೆರೆದಳು. ಎಲ್ಲ ಸರಿಯಾಗಿಯೇ ಇದೆ! ಒಂದೇ ಒಂದು ಹಸಿರು ಬಟನ್, ಒತ್ತಿದರೆ ಸರಿಯಾದದ್ದೇ ಇಳಿಯುತ್ತದೆ. ಮತ್ತೆ ಹೇಗೆ?

ಎದ್ದು ಹೋಗಿ, ಓದುಗರಿಗೆಂದು ಇಟ್ಟಿದ್ದ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದಳು. ಅವಳ ಕೈ ಅಲ್ಲೇ ನಿಂತಿತು.

ಪುಟದ ನೆತ್ತಿಯ ಮೇಲೆ ಅಂಗೈ ಅಗಲದ ಹಸಿರು ಬಟನ್ ಇತ್ತು. ಜಾಹೀರಾತು! ನಿಜವಾದದ್ದು ಅದರ ಕೆಳಗೆ ಸಣ್ಣಗೆ ಮುದುರಿಕೊಂಡು ಕೂತಿತ್ತು. ಚೂಟಿಯ ಕಂಪ್ಯೂಟರಿನಲ್ಲಿ ಜಾಹೀರಾತು ತಡೆಯುವ ತಂತ್ರಾಂಶ ಇತ್ತು. ಅದೂ ಪುಕ್ಕಟೆಯದೇ, ಬಹಳ ಒಳ್ಳೆಯದೇ. ಅದು ಎಷ್ಟು ಒಳ್ಳೆಯದೆಂದರೆ, ಬೇರೆಯವರಿಗೆಲ್ಲ ಕಾಣುವ ಬಟನ್ ಅವಳೊಬ್ಬಳಿಗೆ ಕಂಡೇ ಇರಲಿಲ್ಲ. ತನ್ನ ತೆರೆಯನ್ನು ನೋಡಿಕೊಂಡು ಊರಿಗೆಲ್ಲ ದಾರಿ ಬರೆದುಕೊಟ್ಟಿದ್ದಳು ಜಾಣೆ!

ಅವಳು ಒಂದು ಪೆನ್‌ಡ್ರೈವ್ ತೆಗೆದಳು. ಅದರಲ್ಲಿ ಕಂಪ್ಯೂಟರನ್ನೇ ನಡೆಸಬಲ್ಲ ಪುಟ್ಟ ವ್ಯವಸ್ಥೆಯೊಂದಿತ್ತು. ಕೆಟ್ಟ ಕಂಪ್ಯೂಟರ್ ತನ್ನ ಕಾಲ ಮೇಲೆ ಏಳದಿದ್ದರೂ ಇದರ ಹೆಗಲ ಮೇಲೆ ಎದ್ದು ಕೂರುತ್ತದೆ. ಒಳಗಿನದನ್ನು ಒಂದಿಷ್ಟೂ ಕದಲಿಸದೆ ಹುಡುಕಿದಳು. ಒಂದೂವರೆ ಗಂಟೆಯ ನಂತರ, ಹೊಕ್ಕಿದ್ದ ಕೊಳೆಯೂ ಹೋಗಿ, ಅರವತ್ನಾಲ್ಕು ಕಡತಗಳು ತೆರೆಯ ಮೇಲೆ ಸಾಲಾಗಿ ನಿಂತವು.

ಅಷ್ಟರಲ್ಲಿ ಅವನು ಬಂದು ಅವಳ ಹಿಂದೆ ನಿಂತಿದ್ದ. ಅವಳು ಒಂದನ್ನು ತೆರೆದಳು.

'ನೀಲಿ ಕೊಡೆಯ ಕೆಳಗೆ ಏಳು ಆಮೆಗಳು ಏಣಿ ಹತ್ತುತ್ತಿವೆ.'

ಗಂಭೀರವಾದ, ತುಂಬಿದ ಕಂಚಿನ ಕಂಠ! ವಾಕ್ಯ ಮಾತ್ರ ಹುಚ್ಚುಹುಚ್ಚು. ಎಲ್ಲ ಬಗೆಯ ಉಚ್ಚಾರಣೆಯೂ ಸಿಗಲಿ ಎಂದು ಆ ತಂತ್ರಾಂಶ ಅಂಥ ವಾಕ್ಯಗಳನ್ನೇ ಕೊಡುತ್ತಿತ್ತು.

ಚೂಟಿ ನಗುತ್ತಾ ಹಿಂತಿರುಗಿದಳು. ಅವನು ನಗುತ್ತಿರಲಿಲ್ಲ. ಹೊಟ್ಟು ಮೆತ್ತಿದ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಅಷ್ಟು ದೊಡ್ಡ ಗಂಡಸು, ಏಳು ಆಮೆಗಳಿಗಾಗಿ ಅಳುತ್ತಿದ್ದ!

ಆ ಕ್ಷಣ ಚೂಟಿಯ ಮನಸ್ಸು ಅವಳ ಕೈ ತಪ್ಪಿತು. ಹೇಳಬೇಕಿದ್ದ ಮಾತೂ ತಪ್ಪಿತು. 'ಈಗಲೇ ಹೇಳು... ನಾನೇ ಬರೆದದ್ದು ಅಂತ ಹೇಳು...' ಎಂದು ಒಳಗಿನವಳು ತಿವಿದಳು. ಹೊರಗಿನವಳು ಹೇಳಿದ್ದೇ ಬೇರೆ.

"ಮಿಕ್ಕ ವಾಕ್ಯ ರೆಕಾರ್ಡ್ ಮಾಡೋಕೆ... ನಾನು ಬಂದು ಹೇಳಿಕೊಡ್ಲಾ?"

* * *

ಅವನು ಬಡಗಿ. ಕುರ್ಚಿ, ಮೇಜು, ಬಾಗಿಲು ಮಾಡುವವನು. ಅವನ ತಂದೆ ಮೂವತ್ತು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿದವರು. ಎಲ್ಲರೂ ಅವರನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ ಮಗ ಇಬ್ಬರೇ.

ಮನೆಯ ಮುಂದೆ ಗದ್ದಲದ ರಸ್ತೆ. ಹಾಗಾಗಿ ಹಿತ್ತಲಿನ ಮರದ ಕೋಣೆಯೇ ರೆಕಾರ್ಡಿಂಗ್ ಕೋಣೆ ಆಯಿತು. ಸುತ್ತ ಹಲಗೆಗಳ ಅಟ್ಟಿ, ಕಿಟಕಿಗೆ ಹಳೆಯ ರಜಾಯಿ. ಗರಗಸದ ಯಂತ್ರಗಳು ಶುರುವಾಗುವ ಮೊದಲು, ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಆಮೇಲೆ ಅವಳು ಲೈಬ್ರರಿಗೆ ಓಡಬೇಕು. ಹಸಿರು ಬಟನ್ ಒತ್ತಿ ಹೆದರಿದ್ದ ಅಪ್ಪ ಇನ್ನು ಓದುವುದಷ್ಟೇ, ಕಂಪ್ಯೂಟರ್ ಮಗನ ಪಾಲಿಗೆ.

"ಮೌಸ್ ನಿಮ್ಮ ಕೈಯಲ್ಲೇ ಇರಲಿ," ಎಂದಳು ಮಗನಿಗೆ ಮೊದಲ ದಿನವೇ, ತನ್ನೆರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಯಾರಿಗೆ ಕಲಿಸುವಾಗಲೂ ಅವಳು ಹಾಗೆಯೇ ಕೂರುತ್ತಿದ್ದದ್ದು. "ನಾನು ಮುಟ್ಟಿದ್ರೆ ಕೆಲಸ ಆಗುತ್ತೆ, ನೀವು ಕಲಿಯಲ್ಲ. ಹ್ಞೂಂ, ಕೆಂಪು ಚುಕ್ಕೆ ಒತ್ತಿ."

"ಯಾವ ಕೆಂಪು ಚುಕ್ಕೆ?"

"ಮೇಲೆ, ಎಡಗಡೆ."

"ಇದಾ?"

"ಅದು ಗಡಿಯಾರ!"

ಮೈಕಣ್ಣ ಗಂಟಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕೊನೆಯ ಬಸ್ಸಿನ ಸುದ್ದಿ ಕೊಡುವವರಂತೆ ಓದುತ್ತಿದ್ದರು. "ಢಂ ಢಂ ಎನ್ನುತ್ತಾ ಢಕ್ಕೆ ಬಾರಿಸಿದ ಠಕ್ಕ."

"ಅಪ್ಪಾ, ಠಕ್ಕ ಎಷ್ಟನೇ ಪ್ಲಾಟ್‌ಫಾರಂ?" ಎಂದು ಮಗ ಮೆಲ್ಲಗೆ ಕೇಳುವನು.

"ನೀನು ಕೂತಿದ್ದೀಯಲ್ಲ, ಅದೇ ಪ್ಲಾಟ್‌ಫಾರಂ!"

ಮೂವರೂ ನಕ್ಕು ನಕ್ಕು ಆ ವಾಕ್ಯವನ್ನು ಮತ್ತೆ ಮೊದಲಿಂದ ಓದಬೇಕಾಗುತ್ತಿತ್ತು. ದಿನಕ್ಕೆ ಹನ್ನೆರಡು ವಾಕ್ಯಕ್ಕೆ ಅವರ ಗಂಟಲು ಸೋಲುತ್ತಿತ್ತು. ಆಗ ಮಗ ಬಿಸಿನೀರಿನ ಲೋಟ ಹಿಡಿದು ಅಪ್ಪನ ಬೆನ್ನು ನೀವುತ್ತಾ ಕೂರುವನು. ಆ ಕೈಯನ್ನು ನೋಡುತ್ತಾ ಚೂಟಿ ಹೊತ್ತಾದದ್ದನ್ನೂ ಮರೆಯುವಳು.

ಒಂಬತ್ತನೇ ದಿನ ಬೆಳಿಗ್ಗೆ ಅವಳು ಕೂರುತ್ತಿದ್ದ ಹಲಗೆಯ ಜಾಗದಲ್ಲಿ ಒಂದು ಹೊಸ ಸ್ಟೂಲು ಇತ್ತು. ಅಂಚುಗಳನ್ನೆಲ್ಲ ದುಂಡಗೆ ಉಜ್ಜಿದ್ದ. ಕೂತು ನೋಡಿದರೆ ಅವಳ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿತ್ತು!

"ಇದು ಯಾರಿಗೆ ಮಾಡಿದ್ದು?"

"ಯಾರಿಗೂ ಅಲ್ಲ..." ಅವನು ಎಲ್ಲೋ ನೋಡುತ್ತಾ ಅಂದ. "ಸ್ವಲ್ಪ ಮರ ಮಿಕ್ಕಿತ್ತು."

"ಮರ ಮಿಕ್ಕಿತ್ತಂತೆ!" ಮೈಕಣ್ಣ ಉಬ್ಬಸದ ನಡುವೆಯೂ ನಕ್ಕರು. "ಹತ್ತು ವರ್ಷದಿಂದ ನನ್ನ ಕುರ್ಚಿ ಕಾಲು ಅಲ್ಲಾಡ್ತಿದೆಯಮ್ಮ. ಅದಕ್ಕೆ ಮಾತ್ರ ಮರ ಮಿಗಲೇ ಇಲ್ಲ!"

ಅವನ ಕಿವಿ ಕೆಂಪಾಯಿತು. ಚೂಟಿಯ ಕೆನ್ನೆಯೂ ಅಷ್ಟೇ.

ಮಗನಿಗೆ ಕಂಪ್ಯೂಟರ್ ಮಾತ್ರ ತಲೆಗೆ ಹತ್ತಲೇ ಇಲ್ಲ. ಹತ್ತನೇ ದಿನವೂ ಕೆಂಪು ಚುಕ್ಕೆ ಯಾವುದೆಂದು ಕೇಳುವನು, ಹದಿನೈದನೇ ದಿನವೂ ರೆಕಾರ್ಡ್ ಆದದ್ದನ್ನು ಉಳಿಸುವುದು ಹೇಗೆಂದು ಕೇಳುವನು. ಕೂದಲೆಳೆಯ ಲೆಕ್ಕದಲ್ಲಿ ಮರ ಕೊರೆಯುವ ಮನುಷ್ಯ ಇಷ್ಟು ಮಂಕಾಗುವುದು ಹೇಗೆ ಎಂದು ಅವಳಿಗೆ ಸೋಜಿಗ. ಆದರೆ ಬೇಸರ? ಒಂದು ಚೂರೂ ಇಲ್ಲ! 'ಇವನು ಕಲಿಯುವುದೇ ಬೇಡ... ನಾನು ದಿನಾ ಬರ್ತೀನಿ...' ಎಂದು ಅವಳ ಮನಸ್ಸು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿತ್ತು.

ಒಂದು ಮುಳ್ಳು ಮಾತ್ರ ಒಳಗೇ ಇತ್ತು. ಹಳೆಯ ಪಟ್ಟಿಯ ಉಳಿದ ಪ್ರತಿಗಳನ್ನು ಅವಳು ಹರಿದುಹಾಕಿದ್ದಳು, ಹೊಸದನ್ನು ತಿದ್ದಿ ಅಚ್ಚು ಹಾಕಿಸಿದ್ದಳು. ಆದರೆ ಹಳೆಯದನ್ನು ಒಯ್ದವರು ಅರವತ್ತೊಂದು ಮಂದಿ. ರಿಜಿಸ್ಟರಿನಲ್ಲಿ ಅವರ ಹೆಸರು, ವಿಳಾಸ ಎಲ್ಲವೂ ಇತ್ತು. ಅವರಿಗೆ ತಿಳಿಸಬೇಕೆಂದರೆ ತಪ್ಪು ಯಾರದೆಂದು ಹೇಳಬೇಕು. ಹೇಳಿದರೆ ಇವನಿಗೂ ಗೊತ್ತಾಗುತ್ತದೆ. 'ನಾಳೆ ಹೇಳ್ತೀನಿ...' ಎಂದುಕೊಂಡೇ ಹದಿನೇಳು ದಿನ ಕಳೆದಿತ್ತು.

ಹದಿನೇಳನೇ ದಿನ ಲೈಬ್ರರಿಯ ಹಿರಿಯ ಗ್ರಂಥಪಾಲಕರು ಹೊಸ ಪುಸ್ತಕದ ಕಪಾಟಿನ ಅಳತೆ ಕೊಡಲು ಬಡಗಿಯ ಮನೆಗೆ ಬಂದರು. ಹಿತ್ತಲಿನಲ್ಲಿ ಚೂಟಿಯನ್ನು ಕಂಡು ಅವರ ಮುಖ ಅರಳಿತು.

"ಓಹೋ, ನಮ್ಮ ಮೇಡಂ ಇಲ್ಲೂ ಹಾಜರಾ!" ಎಂದು ಬಡಗಿಯ ಕಡೆ ತಿರುಗಿದರು. "ಬಂಗಾರದಂಥ ಹುಡುಗಿ ಕಣಪ್ಪ. ಪುಕ್ಕಟೆ ತಂತ್ರಾಂಶದ ಪಟ್ಟಿ ಬಂದಿತ್ತು ನೋಡು, ಇವಳೊಬ್ಬಳೇ ಕೂತು ಬರೆದದ್ದು. ಒಂದೊಂದು ಸಾಲೂ ಇವಳದೇ! ಲೈಬ್ರರಿಯ ಕಂಪ್ಯೂಟರ್ ಮೇಜು ಶುರುವಾದದ್ದೇ ಇವಳಿಂದ."

ಅವರು ಹೊಗಳಿ, ಅಳತೆ ಕೊಟ್ಟು, ಟೀ ಕುಡಿದು ಹೋದರು. ಚೂಟಿಯ ಕಾಲ ಕೆಳಗಿನ ನೆಲವನ್ನೂ ಜೊತೆಗೇ ಒಯ್ದಿದ್ದರು ಪಾಪ.

"ಮೊದಲಿದ್ದವರು ಬರೆದದ್ದು ಅಂದ್ರಲ್ಲ?" ಅವನ ದನಿ ತಣ್ಣಗಿತ್ತು. ಮೊದಲ ದಿನದ ಕೂಗಾಟವೇ ವಾಸಿಯಿತ್ತು!

"ಮೊದಲು... ಯಾರೂ ಇರಲಿಲ್ಲ."

"ಸರಿ." ಅವನು ತಲೆಯಾಡಿಸಿದ. "ಈಗ ಅರ್ಥ ಆಯ್ತು. ಹದಿನೇಳು ದಿನ ಯಾಕೆ ಬಂದ್ರಿ ಅಂತ. ತಪ್ಪು ತೊಳ್ಕೊಳ್ಳೋಕೆ. ನಾನು ಬೇರೆ ಏನೋ ಅಂದ್ಕೊಂಡಿದ್ದೆ... ಹುಚ್ಚ ನಾನು."

"ಹಾಗಲ್ಲ..."

"ಇನ್ನೊಂದು ಕೇಳ್ತೀನಿ. ಆ ಪಟ್ಟಿ ತಗೊಂಡು ಹೋದ ಉಳಿದವರಿಗೆ ಹೇಳಿದ್ರಾ?"

ಚೂಟಿ ತಲೆ ತಗ್ಗಿಸಿದಳು.

"ಇನ್ನು ಮೂವತ್ತೆರಡು ವಾಕ್ಯ ಇದೆ. ಅದನ್ನ ನಾನು ನೋಡ್ಕೋತೀನಿ. ನಿಮಗೆ ಲೈಬ್ರರಿಗೆ ಹೊತ್ತಾಯ್ತು, ಮೇಡಂ."

ಒಳಗೆ ಬಿಸಿನೀರು ಕುಡಿಯುತ್ತಿದ್ದ ಮೈಕಣ್ಣ ಏನೋ ಹೇಳಲು ಬಾಯಿ ತೆರೆದರು. ಆ ಹೊತ್ತಿಗೆ ಅವರ ಗಂಟಲು ಪೂರಾ ಸೋತಿತ್ತು.

* * *

ಚಿಕ್ಕಮ್ಮ ಬಟ್ಟೆ ಹೊಲಿಯುವವಳು. ಅಂದು ಸಂಜೆ ಹೊಲಿಗೆ ಯಂತ್ರ ನಿಲ್ಲಿಸಿ, ಚೂಟಿ ಅತ್ತು ಮುಗಿಸುವವರೆಗೂ ಸುಮ್ಮನೆ ಕಾದಳು. ಕಥೆಯನ್ನೆಲ್ಲ ಕೇಳಿದಳು.

"ಅವನು ಬೈದದ್ದಕ್ಕೆ ಅಳ್ತಿದ್ದೀಯೋ, ಬಿಟ್ಟದ್ದಕ್ಕೆ ಅಳ್ತಿದ್ದೀಯೋ?"

"ಎರಡಕ್ಕೂ ಅಲ್ಲ ಚಿಕ್ಕಮ್ಮ... ಅವನು ಕೇಳಿದ್ದು ಸರಿಯಾಗಿತ್ತು, ಅದಕ್ಕೆ."

"ಹಾಗಿದ್ರೆ ನನ್ನ ಸೆರಗಿಗೆ ಮೂಗು ಒರೆಸಿದ್ದು ಸಾಕು. ಎದ್ದು ಮುಖ ತೊಳಿ. ಅವನು ನಿನ್ನನ್ನ ಮಾತಾಡಿಸ್ಲಿ ಬಿಡ್ಲಿ, ಆ ಮನೆಗಳಿಗೆಲ್ಲ ನೀನು ಹೋಗಲೇಬೇಕು ಕಣೇ ಚೂಟಿ. ಅವನಿಗೋಸ್ಕರ ಅಂತ ಹೋಗಬೇಡ. ನಿನ್ನ ಕೆಲಸ ಅಂತ ಹೋಗು."

ಮರುದಿನ ಲೈಬ್ರರಿಯ ಬಾಗಿಲಿಗೆ ಒಂದು ನೋಟೀಸು ಬಿತ್ತು.

'ನಾನು ಕೊಟ್ಟ ಪಟ್ಟಿಯಲ್ಲಿ ಒಂಬತ್ತನೆಯ ಸಾಲು ತಪ್ಪು. ಹಸಿರು ಬಟನ್ ಒತ್ತಬೇಡಿ. ಬರೆದವಳು ನಾನೇ. ನನ್ನ ಕಂಪ್ಯೂಟರಿನಲ್ಲಿ ಮಾತ್ರ ನೋಡಿ ಬರೆದೆ, ನಿಮ್ಮ ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತದೆಂದು ನೋಡಲಿಲ್ಲ. ಗೊತ್ತಾದ ಮೇಲೂ ಹೇಳಲು ಹೆದರಿದೆ. ಪಟ್ಟಿ ಒಯ್ದ ಪ್ರತಿ ಮನೆಗೂ ನಾನೇ ಬಂದು ಸರಿಮಾಡಿಕೊಡುತ್ತೇನೆ. ಕಂಪ್ಯೂಟರ್ ಮೇಜಿನವಳು.'

ಗ್ರಂಥಪಾಲಕರು ಓದಿ ಕನ್ನಡಕ ತೆಗೆದರು. "ಇಷ್ಟೊಂದು ಬರೀಬೇಕಿತ್ತೇನಮ್ಮಾ? 'ತಿದ್ದುಪಡಿ' ಅಂತ ಒಂದು ಸಾಲು ಹಾಕಿದ್ರೆ ಸಾಕಿತ್ತು."

"ಇಲ್ಲ ಸರ್. ಇಷ್ಟು ದಿನ ಒಂದು ಸಾಲಲ್ಲೇ ತಪ್ಪಿಸಿಕೊಂಡದ್ದು."

ಅಂದಿನಿಂದ ಅವಳ ಓಡಾಟ ಶುರುವಾಯಿತು. ಬೆಳಿಗ್ಗೆ ಎರಡು ಮನೆ, ಸಂಜೆ ಎರಡು ಮನೆ. ಕೆಲವರು ಬೈದರು. ಕೆಲವರು ಆ ಪಟ್ಟಿಯನ್ನು ಅಡುಗೆಮನೆಯ ಡಬ್ಬಿಯ ತಳಕ್ಕೆ ಹಾಸಿಕೊಂಡಿದ್ದರು, ಸದ್ಯ! ಒಬ್ಬ ಹಿರಿಯರಂತೂ ಮೂರು ವಾರದಿಂದ ಬರುತ್ತಿದ್ದ ಜಾಹೀರಾತುಗಳನ್ನು ಕಂಪ್ಯೂಟರಿನ ವಾರ್ತೆ ಎಂದುಕೊಂಡು ದಿನಾ ಓದುತ್ತಿದ್ದರು. ಚೂಟಿ ಎಲ್ಲ ಕಡೆ ಅದೇ ಮಾತು ಹೇಳಿದಳು. 'ತಪ್ಪು ನನ್ನದು. ಮೌಸ್ ನಿಮ್ಮ ಕೈಯಲ್ಲಿರಲಿ, ಹೇಗೆ ತೆಗೆಯೋದು ಹೇಳ್ತೀನಿ.' ಅರ್ಧ ಗಂಟೆಯಲ್ಲಿ ಮುಗಿಸಿ ಮುಂದಿನ ಮನೆಗೆ ನಡೆಯುವಳು.

ಆಪರೇಷನ್ ದಿನ ಅವಳಿಗೆ ಅನ್ನ ಸೇರಲಿಲ್ಲ. ಆಸ್ಪತ್ರೆಯ ತಿರುವಿನವರೆಗೆ ನಡೆದು ಹಿಂದಿರುಗಿದಳು. 'ಯಾವ ಮುಖ ಇಟ್ಕೊಂಡು ಹೋಗಲಿ?' ಎಲ್ಲ ಸುಗಮವಾಯಿತಂತೆ ಎಂದು ಗ್ರಂಥಪಾಲಕರು ಹೇಳಿದಾಗ ಪುಸ್ತಕದ ಸಾಲುಗಳ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ದನಿ ಬಂತೇ? ಆ ಮುನ್ನೂರು ವಾಕ್ಯ ಪೂರ್ತಿಯಾಯಿತೇ? ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

* * *

ಅಂದು ಭಾನುವಾರ. ನಿವೃತ್ತ ನರ್ಸಮ್ಮನೊಬ್ಬರ ಮನೆಯಲ್ಲಿ ಚೂಟಿ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು.

"ಇದನ್ನ ತೆಗಿಯಲಾ ಬೇಡ್ವಾ ಅಂತ ಕೇಳ್ತಿದೆ ಮಗಳೇ."

"ತೆಗಿ ಅನ್ನಿ ಅಮ್ಮಾ."

"ಖಂಡಿತಾ ತೆಗಿಯಲಾ ಅಂತಿದೆ. ಏನು ಸಂಶಯದ ಪ್ರಾಣಿ ಇದು! ತೆಗಿಯೋ ಮಾರಾಯ!"

ನರ್ಸಮ್ಮ ಒತ್ತಿದರು. ಕೊಳೆಯೆಲ್ಲ ಹೋಯಿತು. ಚೂಟಿ ನಗುತ್ತಾ ಎದ್ದು ತಿರುಗಿದಳು. ತೆರೆದ ಬಾಗಿಲಲ್ಲಿ ಅವನು ನಿಂತಿದ್ದ!

ಎಷ್ಟು ಹೊತ್ತಿನಿಂದಲೋ...! ಅವಳ ನಗು ಅಲ್ಲೇ ನಿಂತಿತು.

"ಲೈಬ್ರರಿ ಸರ್ ಹೇಳಿದ್ರು... ನೀವು ಇವತ್ತು ಇಲ್ಲಿರ್ತೀರಿ ಅಂತ," ಎಂದ ಅವನು.

ನರ್ಸಮ್ಮ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದರು. ಅಷ್ಟು ವರ್ಷ ರೋಗಿಗಳ ಮುಖ ನೋಡಿದವರಿಗೆ ನಾಡಿ ಹಿಡಿಯಬೇಕೆ? "ನನಗೆ ಒಳಗೆ ಕೆಲಸ ಇದೆ," ಎಂದು ಎದ್ದು ಹೋದರು.

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

ಅವನು ಜೇಬಿನಿಂದ ಫೋನು ತೆಗೆದ. "ಅಪ್ಪ ಕಳಿಸಿದ್ದಾರೆ. ಕೇಳಿ."

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅದೇ ಗಂಭೀರ ಕಂಠ ಹೊರಬಂತು. ಅಲ್ಲಲ್ಲಿ ಸ್ವಲ್ಪ ತಡವರಿಸುತ್ತಿತ್ತು, ಆದರೆ ಅದೇ ಕಂಠ!

'ಮಗಳೇ. ಈ ಮಾತುಗಳನ್ನು ನಾನು ಯಾವತ್ತೂ ಓದಿರಲಿಲ್ಲ. ಈಗ ಟೈಪ್ ಮಾಡಿದೆ. ದನಿ ನಂದೇ ತಾನೇ? ನಿನ್ನ ನೋಟೀಸು ನಾನೇ ಹೋಗಿ ಓದಿ ಬಂದೆ. ನನ್ನ ಮಗ ಊರಿಗೆಲ್ಲ ಬಾಗಿಲು ಮಾಡಿಕೊಡ್ತಾನೆ. ತಾನು ಮಾತ್ರ ಧಡಾರ್ ಅಂತ ಹಾಕ್ಕೋತಾನೆ. ಅವನಿಗೆ ನಾನು ಬೈದಾಗಿದೆ. ಇದೇ ದನೀಲಿ!'

ಚೂಟಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣೀರು ಬೆರಳ ಸಂದಿಯಿಂದ ಇಳಿಯಿತು.

"ಬಂತು... ದನಿ ಬಂತು..."

"ಬಂತು. ಮೊನ್ನೆಯಿಂದ ಮನೇಲಿ ಒಂದು ನಿಮಿಷ ಸುಮ್ಮನಿಲ್ಲ." ಅವನು ನಕ್ಕ, ಮರುಕ್ಷಣ ತಲೆ ತಗ್ಗಿಸಿದ. "ರಿಜಿಸ್ಟರ್ ನೋಡಿದೆ. ಅಪ್ಪನ ಹೆಸರು ಮೂವತ್ತೇಳನೇದು. ಒಂದು ಮಾತು ಕೇಳ್ತೀನಿ, ಇದ್ದದ್ದು ಇದ್ದ ಹಾಗೆ ಹೇಳ್ತೀರಾ? ಆ ಅರವತ್ತೊಂದರಲ್ಲಿ ನಮ್ಮನೆಯೂ ಒಂದು, ಅಷ್ಟೇನಾ?"

ಚೂಟಿ ಕಣ್ಣೊರೆಸಿಕೊಂಡಳು. ಇನ್ನು ಬಚ್ಚಿಡಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ. ಅದರಿಂದಲೇ ಒಂದು ಧೈರ್ಯ ಬಂದಿತ್ತು.

"ಇದುವರೆಗೆ ಮೂವತ್ತೆಂಟು ಮನೆಗೆ ಹೋಗಿದ್ದೀನಿ. ಒಂದೊಂದು ಮನೇಲೂ ನನ್ನ ತಪ್ಪು ಸರಿಮಾಡೋಕೆ ಅರ್ಧ ಗಂಟೆ ಸಾಕಾಯ್ತು. ನಿಮ್ಮ ಡಬ್ಬಕ್ಕೆ ಒಂದೂವರೆ ಗಂಟೆ ಹಿಡೀತು. ಮೊದಲ ದಿನವೇ, ನನ್ನ ಮೇಜಿನ ಮೇಲೇ ಅದು ಮುಗಿದುಹೋಗಿತ್ತು." ಅವಳು ಅವನತ್ತ ತಿರುಗಿದಳು. "ಆಮೇಲೆ ಹದಿನೇಳು ದಿನ ಬಂದೆನಲ್ಲ... ಅದು ಯಾವ ತಪ್ಪಿಗೆ? ನೀವೇ ಹೇಳಿ. ಬೇರೆ ಯಾರ ಮನೆಗೂ ಎರಡನೇ ದಿನ ಹೋಗಬೇಕು ಅನಿಸಲಿಲ್ಲ ನನಗೆ. ನಿಮ್ಮನೆಯಿಂದ ಎದ್ದು ಬರಬೇಕು ಅಂತ ಒಂದು ದಿನವೂ ಅನಿಸಲಿಲ್ಲ!"

ಅವನು ಅವಳನ್ನೇ ನೋಡಿದ.

"ನಾನು ದಡ್ಡ," ಎಂದ.

"ಅದು ಹದಿನೇಳು ದಿನವೂ ನೋಡಿದ್ದೀನಿ. ಕೆಂಪು ಚುಕ್ಕೆ ಕೂಡ..." ಎನ್ನುತ್ತಲೇ ಅವಳು ತಟ್ಟನೆ ಮಾತು ನಿಲ್ಲಿಸಿದಳು. ಕಣ್ಣು ಕಿರಿದಾಯಿತು. "ಒಂದು ನಿಮಿಷ. ನಾನು ಬಿಟ್ಟ ಮೇಲೆ ಮೂವತ್ತೆರಡು ವಾಕ್ಯ ಬಾಕಿ ಇತ್ತಲ್ಲ? ಅದನ್ನ ರೆಕಾರ್ಡ್ ಮಾಡಿದ್ದು ಯಾರು?"

ಅವನ ಕಿವಿ ಕೆಂಪಾಗತೊಡಗಿತು. "...ನಾನು."

"ಯಾರು ಹೇಳಿಕೊಟ್ರು?"

"ನೀವೇ."

"ಯಾವತ್ತು?"

"ಎರಡನೇ ದಿನ..." ಅವನು ನೆಲ ನೋಡುತ್ತಾ ಹೇಳಿದ. "ಎರಡನೇ ದಿನವೇ ಎಲ್ಲ ಬಂದಿತ್ತು. ಬಂತು ಅಂದ್ರೆ ನೀವು ನಾಳೆಯಿಂದ ಬರಲ್ವಲ್ಲ ಅಂತ..."

"ಅಯ್ಯೋ ಕಳ್ಳ!" ಚೂಟಿ ಅವನ ತೋಳಿಗೊಂದು ಗುದ್ದಿದಳು. "ಹದಿನೈದನೇ ದಿನ, ಉಳಿಸೋದು ಹೇಗೆ ಅಂತ ನಾಲ್ಕು ಸಲ ಹೇಳಿಸಿಕೊಂಡ್ರಲ್ಲ! ನನ್ನ ಒಂದು ಸುಳ್ಳಿಗೆ ಅಷ್ಟು ಮುಖ ಊದಿಸಿಕೊಂಡ್ರಿ!"

"ಅದಕ್ಕೇ ಬಂದೆ. ನಾನೂ ನಿನ್ನ ಹಾಗೇ ನೋಟೀಸ್ ಹಾಕೋಣ ಅಂತಿದ್ದೆ. ಏನಂತ ಬರೆಯೋದು ಗೊತ್ತಾಗಲಿಲ್ಲ." ಅವನು ಅವಳ ಮಡಿಲಲ್ಲಿದ್ದ ಕೈಯನ್ನು ಮೆಲ್ಲಗೆ ತನ್ನ ಕೈಗೆ ತೆಗೆದುಕೊಂಡ. ಒರಟು ಅಂಗೈ, ಬೆಚ್ಚಗಿತ್ತು. "ನೀನಂದ್ರೆ ನನಗೆ ಪ್ರಾಣ. ಇಷ್ಟೇ ಬರೆಯೋದಿತ್ತು."

ನಡುವಿದ್ದ ಜಾಗ ಯಾವಾಗ ಇಲ್ಲವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಚೂಟಿ ಅವನ ಭುಜಕ್ಕೆ ತಲೆಯಾನಿಸಿದಳು. ಒಳಗಿನಿಂದ ನರ್ಸಮ್ಮ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದರು.

"ಇನ್ನೂ ಎಷ್ಟು ಮನೆ ಇದೆ?" ಎಂದು ಕೇಳಿದ ಅವನು.

"ಇಪ್ಪತ್ತೆರಡು."

"ನಡಿ, ನಾನೂ ಬರ್ತೀನಿ. ಚೀಲ ಕೊಡು ಇಲ್ಲಿ."

"ಎಲ್ಲ ಮನೆಗೂ ಬರ್ತೀರಾ?"

"ಎಲ್ಲಾ ಮನೆಗೂ. ಮುಗಿದ ಮೇಲೆ ನಮ್ಮನೆಗೆ."

"ನಿಮ್ಮನೇದು ಮುಗಿದಿದೆಯಲ್ಲ," ಎಂದಳು ಚೂಟಿ, ತಲೆಯೆತ್ತದೆ.

"ಯಾರು ಹೇಳಿದ್ದು? ನಮ್ಮನೆಗೆ ನೀನು ಪೂರ್ತಿ ಬರಬೇಕು. ಅದು ಅರ್ಧ ಗಂಟೆ ಕೆಲಸ ಅಲ್ಲ."

"ಎಷ್ಟು ದಿನ ಹಿಡಿಯುತ್ತೆ?"

"ನೀನೇ ಹೇಳು."

ಚೂಟಿ ಅವನ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ನಾನಂತೂ ಎದ್ದು ಹೋಗಲ್ಲ," ಎಂದಳು.